ನೆರೆ ಕರ್ತವ್ಯದಲ್ಲಿ ಪೆಟ್ಟಾದರೆ: ಪರಿಹಾರದ ಕಡತ ಕಟ್ಟುವ ಕ್ರಮ

ಚುನಾವಣಾ ಕರ್ತವ್ಯಕ್ಕೆ ಹೆಸರು, ಹುದ್ದೆ, ಮತಗಟ್ಟೆ ಸಂಖ್ಯೆ ಸಮೇತ ಆದೇಶ ಕೈಗೆ ಬರುತ್ತದೆ. ನೆರೆ ಕರ್ತವ್ಯಕ್ಕೆ ಬರುವುದು ಫೋನು. "ಹೊಳೆ ಏರ್ತಿದೆಯಂತೆ, ಕೂಡಲೇ ಹೊರಡಿ" ಅನ್ನುತ್ತಾರೆ. ಗ್ರಾಮ ಆಡಳಿತ ಅಧಿಕಾರಿ ಬೈಕ್ ಹತ್ತುತ್ತಾರೆ, ಪವರ್‌ಮ್ಯಾನ್ ಕಂಬ ಹತ್ತುತ್ತಾರೆ, ಪಿಡಿಒ ಶಾಲೆಯ ಬೀಗ ತೆಗೆಸಿ ಕಾಳಜಿ ಕೇಂದ್ರ ಶುರುಮಾಡುತ್ತಾರೆ. ಆ ರಾತ್ರಿ ಗೋಡೆ ಕುಸಿದು ಯಾರದೋ ಕಾಲು ಮುರಿಯಿತು ಅನ್ನಿ. ಮೂರು ತಿಂಗಳ ಮೇಲೆ ಕಡತದಲ್ಲಿ ಒಂದು ಸಾಲು ಕಾಣಿಸಿಕೊಳ್ಳುತ್ತದೆ: "ಸದರಿ ನೌಕರರು ಸದರಿ ಸ್ಥಳಕ್ಕೆ ಯಾರ ಆದೇಶದ ಮೇರೆಗೆ ತೆರಳಿದ್ದರು ಎಂಬುದು ಕಡತದಲ್ಲಿ ಕಂಡುಬರುವುದಿಲ್ಲ."

ಸಿಬ್ಬಂದಿ ಶಾಖೆಯಲ್ಲಿ ವಿಷಯ ನಿರ್ವಾಹಕನಾಗಿದ್ದಾಗ ಟಿಪ್ಪಣಿ ಹಾಳೆಯ ಮೇಲೆ ಈ ಸಾಲನ್ನು ನಾನೇ ಬರೆದಿದ್ದೇನೆ. ಯಾರ ಮೇಲಿನ ಸಿಟ್ಟಿನಿಂದಲೂ ಅಲ್ಲ. ಅದಕ್ಕೆ ಉತ್ತರವಿಲ್ಲದೆ ಕಡತ ಮೇಲಿನ ಮೇಜಿಗೆ ಹೋದರೆ ಅದೇ ಪ್ರಶ್ನೆ ಹೊತ್ತು ವಾಪಸ್ ಬರುತ್ತದೆ, ಅಷ್ಟೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, 2019ರಲ್ಲಿ ಬೆಳಗಾವಿ–ಬಾಗಲಕೋಟೆಯ ಊರುಗಳು ನೀರಿನಲ್ಲಿ ನಿಂತಾಗ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗ, ಹಗಲು ರಾತ್ರಿ ಅನ್ನದೆ ಕೆಲಸ ಮಾಡಿದವರಲ್ಲಿ ಸರ್ಕಾರಿ ನೌಕರರೂ ಇದ್ದರು. ಹಾಗೆ ದುಡಿಯುವಾಗ ಗಾಯವಾದರೆ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎನ್ನುವುದು ಇಲ್ಲಿದೆ.

ಮೊದಲು, ನೀವು ಯಾವ ಸಾಲಿನವರು?

ಸರ್ಕಾರಿ ನೌಕರರ ಗಾಯಕ್ಕೆಲ್ಲ ಅನ್ವಯಿಸುವ ಒಂದೇ ಕಾನೂನು ನಮ್ಮಲ್ಲಿಲ್ಲ. ರಜೆ ಒಂದು ನಿಯಮದಲ್ಲಿ, ಆಸ್ಪತ್ರೆ ಖರ್ಚು ಇನ್ನೊಂದರಲ್ಲಿ, ಪಿಂಚಣಿ ಮತ್ತೊಂದರಲ್ಲಿ ಇದೆ. ವಿಪತ್ತಿನ ಪರಿಹಾರಧನ ಬರುವ ಲೆಕ್ಕಶೀರ್ಷಿಕೆಯೇ ಬೇರೆ. ಎಲ್ಲಕ್ಕೂ ಬೇರೆ ಬೇರೆ ಅರ್ಜಿ. ಒಂದು ಕೊಟ್ಟರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ಕೂತವರಿಗೆ ಬಂದದ್ದನ್ನು ನಾನು ನೋಡಿಲ್ಲ.

ರಾಜ್ಯದ ಕಾಯಂ ನೌಕರರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳು, ಅಂದರೆ ಕೆಸಿಎಸ್‌ಆರ್. ಅಂಚೆ, ಹವಾಮಾನದಂಥ ಕೇಂದ್ರ ಇಲಾಖೆಗಳವರಿಗೆ ಕೇಂದ್ರದ ಸಿಸಿಎಸ್ ನಿಯಮಗಳು. ಎಸ್ಕಾಂಗಳು, ಅಂದರೆ ವಿದ್ಯುತ್ ಸರಬರಾಜು ಸಂಸ್ಥೆಗಳು, ಕಂಪನಿಗಳಾದ್ದರಿಂದ ಅಲ್ಲಿಯವರು ತಮ್ಮ ಕಂಪನಿಯ ನಿಯಮಾವಳಿ ನೋಡಬೇಕು. ಹೊರಗುತ್ತಿಗೆಯ ಚಾಲಕ, ಡೇಟಾ ಎಂಟ್ರಿಯವರು, ಗುತ್ತಿಗೆದಾರನ ಕೆಳಗಿನ ಕೂಲಿಯವರು ಕಾರ್ಮಿಕ ಕಾನೂನಿನ ಕಡೆ ಹೋಗಬೇಕು. ಒಂದೇ ಜೀಪಿನಲ್ಲಿ ಹೋಗಿ ಒಂದೇ ಹಳ್ಳಕ್ಕೆ ಬಿದ್ದ ಮೂವರು ಮೂರು ಬಾಗಿಲು ತಟ್ಟಬೇಕಾಗುವುದು ಇದರಿಂದಲೇ.

ಹೊರಡುವ ಮೊದಲು: ಒಂದು ನಿಮಿಷದ ಕೆಲಸ

ಫೋನ್ ಇಟ್ಟ ಕೂಡಲೇ ಅದೇ ಅಧಿಕಾರಿಗೆ ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ: "ಸರ್, ತಮ್ಮ ದೂರವಾಣಿ ಸೂಚನೆಯಂತೆ ರಾತ್ರಿ 10.40ಕ್ಕೆ ಹೊಳೆಬದಿಯ ಕೇರಿಯ ಜನರನ್ನು ಸ್ಥಳಾಂತರಿಸಲು ಹೊರಟಿದ್ದೇನೆ." ಅವರು "ಓಕೆ" ಅಂದರೆ ಅದೇ ಸಾಕ್ಷಿ. ಏನೂ ಅನ್ನದೆ ನೀಲಿ ಟಿಕ್ ಮಾತ್ರ ಬಂದರೂ ನಷ್ಟವಿಲ್ಲ. ತಾಲ್ಲೂಕಿನ ಗ್ರೂಪಿನಲ್ಲಿ ಬಂದ ಸೂಚನೆಯಾದರೆ ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ಕಳಿಸಿಡಿ. ನೆರೆಯಲ್ಲಿ ಮನುಷ್ಯರಿಗಿಂತ ಮೊದಲು ಮುಳುಗುವುದು ಮೊಬೈಲು.

ಮಳೆ ನಿಂತ ವಾರದೊಳಗೆ ಇನ್ನೊಂದು ಕೆಲಸವಿದೆ. ಇಂಥ ದಿನಗಳಲ್ಲಿ ಇಂಥವರನ್ನು ಇಂಥ ಕೆಲಸಕ್ಕೆ ನಿಯೋಜಿಸಲಾಗಿತ್ತು ಎಂಬ ಘಟನೋತ್ತರ ಆದೇಶವನ್ನು ತಹಶೀಲ್ದಾರರಿಂದಲೋ ನೋಡಲ್ ಅಧಿಕಾರಿಯಿಂದಲೋ ಹೊರಡಿಸಿಕೊಳ್ಳಿ. ಎಲ್ಲರ ಹೆಸರೂ ಇರುವ ಒಂದೇ ಜ್ಞಾಪನವಾದರೂ ಸಾಕು. ಆಮೇಲೆ ನೋಡೋಣ ಅಂದುಕೊಳ್ಳಬೇಡಿ. ಆ ರಾತ್ರಿ ಫೋನ್ ಮಾಡಿದ ಸಾಹೇಬರು ದಸರೆಯ ಹೊತ್ತಿಗೆ ಬೇರೆ ತಾಲ್ಲೂಕಿನಲ್ಲಿರುತ್ತಾರೆ.

"ನಾವು ಹೋಗಿ ಅಂದಿರಲಿಲ್ಲ, ಅವರೇ ಹೋದರು" ಎಂಬ ಮಾತು ಬಂದರೆ ಹೇಳಲು ಒಂದು ಕಲಮು ನೆನಪಿಟ್ಟುಕೊಳ್ಳಿ. ವಿಪತ್ತು ನಿರ್ವಹಣಾ ಕಾಯ್ದೆ, 2005ರ 56ನೇ ಕಲಮು, ತನಗೆ ವಹಿಸಿದ ಕರ್ತವ್ಯ ಮಾಡಲು ಒಲ್ಲೆನೆಂದ ಅಥವಾ ಅನುಮತಿಯಿಲ್ಲದೆ ಹಿಂದೆ ಸರಿದ ಅಧಿಕಾರಿಗೆ 1 ವರ್ಷದವರೆಗೆ ಸೆರೆ ಅಥವಾ ದಂಡ ಎನ್ನುತ್ತದೆ. ಹೋಗದಿದ್ದರೆ ಅಪರಾಧವಾಗುವ ಕೆಲಸ, ಹೋದಾಗ ಸ್ವಂತ ಇಷ್ಟದ್ದು ಆಗುವುದು ಹೇಗೆ?

ಆಸ್ಪತ್ರೆಯಲ್ಲಿ: ಬಾಯಿಂದ ಬರುವ ಮೊದಲ ವಾಕ್ಯ

ನೋವಿನಲ್ಲಿರುವವರಿಗೆ ಇದನ್ನು ಹೇಳುವುದು ಕಷ್ಟ. ಹಾಗಾಗಿ ಜೊತೆಗೆ ಹೋಗುವ ಸಹೋದ್ಯೋಗಿ ಓದಿಕೊಂಡಿರಲಿ. ಕ್ಯಾಶುವಾಲಿಟಿಯಲ್ಲಿ "ಏನಾಯ್ತು?" ಎಂದು ಕೇಳಿದಾಗ ನೀವು ಹೇಳಿದ್ದೇ ಕೇಸ್ ಶೀಟಿನ ಮೊದಲ ಸಾಲಾಗುತ್ತದೆ. ನನಗೆ ಗೊತ್ತಿದ್ದ ಒಬ್ಬರು ಮಗುಚಿದ ದೋಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಸಂಕೋಚದ ಮನುಷ್ಯ, "ಕಾಲು ಜಾರಿ ಬಿದ್ದೆ ಡಾಕ್ಟ್ರೇ" ಅಂದರು. ಶೀಟಿನಲ್ಲಿ "ಸೆಲ್ಫ್ ಫಾಲ್" ಎಂದಾಯಿತು. ಆ ಎರಡು ಪದ ಅಳಿಸಿಹಾಕಲು ಒಂದೂವರೆ ವರ್ಷ ಓಡಾಡಿದರು.

ಹೇಳಬೇಕಾದದ್ದು ಇಷ್ಟು: ಸರ್ಕಾರಿ ಕೆಲಸದಲ್ಲಿದ್ದೆ, ಇಂಥ ಊರಿನಲ್ಲಿ, ಇಷ್ಟು ಹೊತ್ತಿಗೆ, ಇದರಿಂದ ಪೆಟ್ಟಾಯಿತು. ಎಂಎಲ್‌ಸಿ, ಅಂದರೆ ಆಸ್ಪತ್ರೆಯಿಂದ ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ, ಮಾಡಿಸಿ. ಪೊಲೀಸ್ ಅಂದರೆ ತಲೆನೋವು ಎಂದು ತಪ್ಪಿಸಿಕೊಳ್ಳುವವರೇ ಹೆಚ್ಚು, ಆದರೆ ಮುಂದೆ ವಿಮೆಯವರು ಕೇಳುವುದೂ ಪಿಂಚಣಿ ಶಾಖೆಯವರು ಕೇಳುವುದೂ ವೂಂಡ್ ಸರ್ಟಿಫಿಕೇಟನ್ನೇ (ಗಾಯದ ಪ್ರಮಾಣಪತ್ರ). ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಔಷಧದ ಬಿಲ್ಲು ಎಲ್ಲದರ ಮೂಲಪ್ರತಿ ನಿಮ್ಮ ಬಳಿಯೇ ಇರಲಿ.

ಕಣ್ಣಿಗೆ ಕಾಣುವ ಗಾಯವಷ್ಟೇ ಲೆಕ್ಕಕ್ಕಲ್ಲ. ನೆರೆ ನೀರಿನಲ್ಲಿ ಎರಡು ದಿನ ನಿಂತವರಿಗೆ ವಾರ, ಹತ್ತು ದಿನ ಬಿಟ್ಟು ಚಳಿಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಶುರುವಾದರೆ ಅದು ಇಲಿ ಜ್ವರ ಇರಬಹುದು. ಇಲಿ, ದನಗಳ ಮೂತ್ರ ಸೇರಿದ ನೀರು ಚರ್ಮದ ಸಣ್ಣ ಗಾಯದಿಂದ ಒಳಸೇರಿದರೂ ಸಾಕು. ತಡವಾದರೆ ಮೂತ್ರಪಿಂಡ, ಯಕೃತ್ತಿಗೆ ಅಪಾಯ. "ನೆರೆ ನೀರಿನಲ್ಲಿ ಕೆಲಸ ಮಾಡಿದ್ದೆ" ಎಂದು ವೈದ್ಯರಿಗೆ ಹೇಳಿದರೆ ಅವರಿಗೆ ಯಾವ ಪರೀಕ್ಷೆ ಮಾಡಬೇಕೆಂದು ತಿಳಿಯುತ್ತದೆ, ನಿಮ್ಮ ಕಡತಕ್ಕೆ ಕಾಯಿಲೆಗೂ ಕೆಲಸಕ್ಕೂ ಇರುವ ಕೊಂಡಿ ಸಿಗುತ್ತದೆ. ಆ ಕೊಂಡಿಯನ್ನು ವೈದ್ಯರಿಂದ ಎರಡು ಸಾಲಿನಲ್ಲಿ ಬರೆಸಿಕೊಳ್ಳಿ. ಹಾವು ಕಚ್ಚಿದರೂ, ಕರೆಂಟು ಹೊಡೆದರೂ ಇದೇ ಮಾತು.

ವರದಿ: ಕೂಡಲೇ, ಸ್ವೀಕೃತಿ ಸಮೇತ

ಕಚೇರಿಗೆ ಎಲ್ಲರಿಗೂ ಗೊತ್ತಿದೆ ಎನ್ನುವುದು ವರದಿಯಾಗುವುದಿಲ್ಲ. ಸಾಹೇಬರು ಹಣ್ಣು ಹಿಡಿದು ಆಸ್ಪತ್ರೆಗೆ ಬಂದಿದ್ದರು ಎನ್ನುವುದೂ ವರದಿಯಾಗುವುದಿಲ್ಲ. ನೀವೋ ಮನೆಯವರೋ ಬರೆದುಕೊಡಬೇಕು, ಟಪಾಲಿನಲ್ಲಿ ಸೀಲು, ದಿನಾಂಕ ಹಾಕಿಸಿಕೊಳ್ಳಬೇಕು. ಒಕ್ಕಣೆ ಹೀಗಿದ್ದರೆ ಸಾಕು:

"ವಿಷಯ: ನೆರೆ ಪರಿಹಾರ ಕರ್ತವ್ಯದಲ್ಲಿ ಗಾಯಗೊಂಡ ಬಗ್ಗೆ. ಮಾನ್ಯರೇ, ದಿನಾಂಕ … ರಂದು ರಾತ್ರಿ … ಗಂಟೆಗೆ ತಮ್ಮ ದೂರವಾಣಿ ಸೂಚನೆಯಂತೆ … ಗ್ರಾಮದಲ್ಲಿ ಜನರನ್ನು ಸ್ಥಳಾಂತರಿಸುತ್ತಿದ್ದಾಗ, ಮಳೆಯಿಂದ ನೆನೆದಿದ್ದ ಮನೆಯ ಗೋಡೆ ಕುಸಿದು ನನ್ನ ಎಡಗಾಲಿನ ಮೂಳೆ ಮುರಿದಿರುತ್ತದೆ. ಸ್ಥಳದಲ್ಲಿ … ಮತ್ತು … ಇದ್ದರು. … ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆಯುತ್ತಿದ್ದೇನೆ. ಈ ಗಾಯವನ್ನು ಕರ್ತವ್ಯದ ಅವಧಿಯಲ್ಲಿ ಆದದ್ದೆಂದು ದಾಖಲಿಸಿ, ನಿಯಮಾನುಸಾರ ರಜೆ, ವೈದ್ಯಕೀಯ ವೆಚ್ಚ ಹಾಗೂ ಪರಿಹಾರ ಮಂಜೂರು ಮಾಡಲು ಕೋರುತ್ತೇನೆ."

ಜೊತೆಗೆ ಫೋಟೊ, ವಾಟ್ಸಾಪ್ ಪ್ರತಿ, ಇಬ್ಬರ ಹೇಳಿಕೆ, ಕಂದಾಯದವರೋ ಪೊಲೀಸರೋ ಮಾಡಿದ ಸ್ಥಳ ಮಹಜರು ಇರಲಿ. ಹೆಚ್ಚಿನವರಿಗೆ ಹೊಳೆಯದ ಇನ್ನೊಂದು ಕಾಗದವಿದೆ, ಆ ದಿನದ ಮಳೆ ಲೆಕ್ಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ನಿಮ್ಮ ಪಂಚಾಯಿತಿಯ ಅಂದಿನ ಮಳೆಯ ಅಂಕಿ ಕಡತದಲ್ಲಿದ್ದರೆ "ಅಂದು ಅಷ್ಟೇನೂ ಮಳೆ ಇರಲಿಲ್ಲ" ಎಂಬ ಮಾತಿಗೆ ಜಾಗವಿರುವುದಿಲ್ಲ.

ರಜೆ: ನಿಮ್ಮ ಖಾತೆಯಿಂದ ಕಳೆಯಲು ಬಿಡಬೇಡಿ

ಅತಿ ಹೆಚ್ಚು ನೌಕರರು ಕಳೆದುಕೊಳ್ಳುವುದು ಇಲ್ಲಿ. ಎರಡು ತಿಂಗಳು ಮಲಗಿದರೆ ಕಚೇರಿಯವರು ಸಲೀಸಾಗಿ ಗಳಿಕೆ ರಜೆಯಲ್ಲೋ ಪರಿವರ್ತಿತ ರಜೆಯಲ್ಲೋ ಸರಿಹೊಂದಿಸಿಬಿಡುತ್ತಾರೆ. ಸಂಬಳ ನಿಲ್ಲದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುವುದೂ ಉಂಟು. ಆದರೆ ಕರ್ತವ್ಯದಲ್ಲಿ ಗಾಯಗೊಂಡವರಿಗೆಂದೇ ಕೆಸಿಎಸ್‌ಆರ್‌ನಲ್ಲಿ ಸ್ಪೆಷಲ್ ಡಿಸೆಬಿಲಿಟಿ ಲೀವ್ (ವಿಶೇಷ ಅಸಾಮರ್ಥ್ಯ ರಜೆ) ಇದೆ. ಅದು ನಿಮ್ಮ ಮಾಮೂಲಿ ರಜೆ ಖಾತೆಯಿಂದ ಕಳೆಯುವಂಥದ್ದಲ್ಲ. ವೈದ್ಯಕೀಯ ಪ್ರಮಾಣಪತ್ರ ಬೇಕು. ಅಸಾಮರ್ಥ್ಯ ಘಟನೆಯಾದ ಮೂರು ತಿಂಗಳೊಳಗೆ ಕಾಣಿಸಿಕೊಂಡು, ತಡಮಾಡದೆ ತಿಳಿಸಿರಬೇಕು. ವರದಿ ಕೂಡಲೇ ಕೊಡಿ ಎಂದು ಮೇಲೆ ಒತ್ತಿ ಹೇಳಿದ್ದು ಇದಕ್ಕೂ ಸೇರಿ. ಈಗಾಗಲೇ ಗಳಿಕೆ ರಜೆ ಕಳೆದಿದ್ದರೆ, ಅದನ್ನು ವಿಶೇಷ ರಜೆಯಾಗಿ ಮಾರ್ಪಡಿಸಿ ಸೇವಾ ಪುಸ್ತಕದಲ್ಲಿ ನಮೂದಿಸುವಂತೆ ಲಿಖಿತವಾಗಿ ಕೇಳಿ.

ಕೇಂದ್ರ ನೌಕರರಿಗೆ ಏಳನೇ ವೇತನ ಆಯೋಗದ ನಂತರ ಹಳೆಯ ಆಸ್ಪತ್ರೆ ರಜೆ, ವಿಶೇಷ ರಜೆಗಳೆಲ್ಲ ಸೇರಿ ಡಬ್ಲ್ಯುಆರ್‌ಐಐಎಲ್ (ಕೆಲಸದಿಂದಾದ ಕಾಯಿಲೆ ಮತ್ತು ಗಾಯದ ರಜೆ) ಎಂಬ ಒಂದೇ ರಜೆಯಾಗಿದೆ. ಆಸ್ಪತ್ರೆಯಲ್ಲಿ ಇರುವಷ್ಟು ದಿನವೂ ಪೂರ್ಣ ಸಂಬಳ, ಭತ್ಯೆ. ಬಿಡುಗಡೆಯಾದ ಮೇಲೆ ಸಿವಿಲ್ ನೌಕರರಿಗೆ 6 ತಿಂಗಳು ಪೂರ್ಣ ಸಂಬಳ, ಆಮೇಲೆ 12 ತಿಂಗಳು ಅರ್ಧ ಸಂಬಳ. ಈ ಅವಧಿಯಲ್ಲಿ ಹೊಸದಾಗಿ ಗಳಿಕೆ ರಜೆ ಜಮೆಯಾಗುವುದಿಲ್ಲ.

ಆಸ್ಪತ್ರೆ ಖರ್ಚಿನ ವಿಷಯ ನಿಮಗೆಲ್ಲ ಗೊತ್ತಿರುವಂಥದ್ದೇ. ರಾಜ್ಯ ನೌಕರರು ಆರೋಗ್ಯ ಸಂಜೀವಿನಿ ಯೋಜನೆಯಲ್ಲಿ ನೋಂದಾಯಿಸಿಕೊಂಡಿದ್ದರೆ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ನಗದುರಹಿತ ಚಿಕಿತ್ಸೆ. ಇಲ್ಲದಿದ್ದರೆ 1963ರ ವೈದ್ಯಕೀಯ ಹಾಜರಾತಿ ನಿಯಮಗಳಡಿ ಮರುಪಾವತಿ. ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದ್ದರೆ, ರಸ್ತೆ ಕಡಿದಿತ್ತು, ಹತ್ತಿರ ಬೇರೆ ಇರಲಿಲ್ಲ ಎನ್ನುವುದನ್ನು ವೈದ್ಯರ ತುರ್ತು ಪ್ರಮಾಣಪತ್ರದ ಜೊತೆ ಬರೆದುಕೊಡಿ.

ಹಣ ಎಲ್ಲೆಲ್ಲಿಂದ

ರಾಜ್ಯ ವಿಪತ್ತು ಪ್ರತಿಕ್ರಿಯಾ ನಿಧಿ ಜನಸಾಮಾನ್ಯರಿಗೆ ಮಾತ್ರ ಎಂದು ತಿಳಿದ ನೌಕರರು ಬಹಳ. ಕೇಂದ್ರ ಗೃಹ ಸಚಿವಾಲಯ 2022-23ರಿಂದ 2025-26ರ ಅವಧಿಗೆ ಹೊರಡಿಸಿದ ಮಾನದಂಡ, ಸತ್ತವರ ಕುಟುಂಬಕ್ಕೆ ₹4 ಲಕ್ಷ ಎಂದು ಹೇಳುವಾಗ "ಪರಿಹಾರ ಕಾರ್ಯದಲ್ಲಿ ತೊಡಗಿದ್ದವರೂ ಸೇರಿ" ಎಂದೇ ಹೇಳುತ್ತದೆ. ಕೈಕಾಲು ಅಥವಾ ಕಣ್ಣು ಕಳೆದುಕೊಂಡು ಅಂಗವೈಕಲ್ಯ ಶೇ. 40ರಿಂದ 60 ಆದರೆ ₹74,000, ಶೇ. 60 ಮೀರಿದರೆ ₹2.5 ಲಕ್ಷ. ತೀವ್ರ ಗಾಯವಾಗಿ ಒಂದು ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ ₹16,000, ಅದಕ್ಕಿಂತ ಕಡಿಮೆಯಾದರೆ ₹5,400. ಅಂಗವೈಕಲ್ಯದ ಪ್ರಮಾಣವನ್ನೂ ಕಾರಣವನ್ನೂ ಸರ್ಕಾರಿ ವೈದ್ಯರು ದೃಢೀಕರಿಸಬೇಕು. ಅರ್ಜಿ ತಹಶೀಲ್ದಾರರಿಗೆ. ಆಶಾ, ಅಂಗನವಾಡಿಯಂಥ ಗೌರವಧನದವರು ಸೇವಾ ನಿಯಮಗಳ ಹೊರಗೆ ಉಳಿದುಬಿಡುತ್ತಾರಲ್ಲ, ಅವರು ಇದನ್ನಂತೂ ಬಿಡಬಾರದು. ಆಸ್ಪತ್ರೆಗಳಿಗೆ ಓಡಾಡಿದ ಪೆಟ್ರೋಲಿಗೂ ₹5,400 ಸಾಲದು, ನಿಜ. ಆದರೂ ಈ ಹಣಕ್ಕಾಗಿ ಹುಟ್ಟುವ ಕಡತದಲ್ಲಿ "ವಿಪತ್ತಿನಿಂದಾದ ಗಾಯ" ಎಂದು ಕಂದಾಯ ಇಲಾಖೆಯೇ ಒಪ್ಪಿಕೊಂಡಿರುತ್ತದೆ. ಆ ಕಾಗದ ಬೇರೆಡೆ ಕೆಲಸಕ್ಕೆ ಬರುತ್ತದೆ.

ಕೇಂದ್ರ ನೌಕರರು ಕರ್ತವ್ಯದಲ್ಲಿ ಅಪಘಾತವಾಗಿ ಸತ್ತರೆ ಕುಟುಂಬಕ್ಕೆ ಒಂದೇ ಗಂಟಿನಲ್ಲಿ ₹25 ಲಕ್ಷ ಅನುಗ್ರಹಧನವಿದೆ, 2016ರ ಜನವರಿ 1ರಿಂದ. ನಿಗದಿತ ಎತ್ತರದ ಪ್ರದೇಶ, ದುರ್ಗಮ ಗಡಿ ಠಾಣೆಗಳಲ್ಲಿ ನೈಸರ್ಗಿಕ ವಿಕೋಪದಿಂದಾದರೆ ₹35 ಲಕ್ಷ. ಮಾಮೂಲಿ ಕುಟುಂಬ ಪಿಂಚಣಿಗಿಂತ ಹೆಚ್ಚಿನ ದರದ ಅಸಾಧಾರಣ ಪಿಂಚಣಿಗೆ ಬೇರೆ ನಿಯಮವಿದೆ. ಎನ್‌ಪಿಎಸ್‌ನಲ್ಲಿರುವ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಕೇಂದ್ರ ನೌಕರರು, ಸಾವು ಅಥವಾ ಅಂಗವೈಕಲ್ಯದ ಸಂದರ್ಭದಲ್ಲಿ ಹಳೆಯ ಪಿಂಚಣಿಯ ಸೌಲಭ್ಯ ಬೇಕೋ ಎನ್‌ಪಿಎಸ್ ಗಂಟು ಬೇಕೋ ಎಂಬ ಆಯ್ಕೆ ನಮೂನೆಯನ್ನು 2021ರ ನಿಯಮಗಳಡಿ ಕೊಟ್ಟಿರಬೇಕು. ಕೊಟ್ಟಿದ್ದೀರಾ, ಇವತ್ತೇ ನೋಡಿಕೊಳ್ಳಿ.

ಹೊರಗುತ್ತಿಗೆಯವರ ಸಂಬಳ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಿದೆಯೇ ಎಂಬುದು ಮೊದಲ ಪ್ರಶ್ನೆ. ಇದ್ದರೆ ಏಜೆನ್ಸಿಯವರು ಇಎಸ್‌ಐ ಕಚೇರಿಗೆ ಅಪಘಾತ ವರದಿ ಕೊಡಬೇಕು. ಕೆಲಸಕ್ಕೆ ಹೋಗಲಾಗದ ಅವಧಿಗೆ ದಿನಗೂಲಿಯ ಶೇ. 90ರಷ್ಟು ಸಿಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕಿದೆ.

ಇಎಸ್‌ಐ ಇಲ್ಲದವರಿಗೆ ನೌಕರರ ಪರಿಹಾರದ ಕಾನೂನು. 1923ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯಲ್ಲಿ ಆದ ಅಪಘಾತವನ್ನೂ, ಕೆಲಸದೊಂದಿಗೆ ಅದರ ಸಂಬಂಧ ತೋರಿಸಿದರೆ, ಸಂಹಿತೆ ಒಪ್ಪುತ್ತದೆ. ಲೆಕ್ಕ ಹಾಕುವ ರೀತಿ ಹಳೆಯದೇ: ಸಾವಿಗೆ ತಿಂಗಳ ಕೂಲಿಯ ಅರ್ಧವನ್ನು, ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಶೇ. 60ನ್ನು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುವುದು. ಹಳೆಯ ಕಾಯ್ದೆಯಡಿ 2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ ₹15,000. 35 ವರ್ಷದವರ ಗುಣಕ 197.06. ಅಂದರೆ ತಿಂಗಳಿಗೆ ₹18,000 ದುಡಿಯುತ್ತಿದ್ದರೂ ₹15,000 ಹಿಡಿದು, ಸಾವಿಗೆ 7,500 × 197.06 = ₹14,77,950. ಪೂರ್ಣ ಅಂಗವೈಕಲ್ಯಕ್ಕೆ 9,000 × 197.06 = ₹17,73,540. ಬದುಕಿ ಹಾಸಿಗೆ ಹಿಡಿದವರಿಗೆ ಹೆಚ್ಚು ಬರುವುದು ತಪ್ಪು ಲೆಕ್ಕವಲ್ಲ, ಅವರ ಖರ್ಚು ಮುಗಿಯುವುದಿಲ್ಲವಲ್ಲ.

"ಅವನು ನಮ್ಮವನಲ್ಲ, ಏಜೆನ್ಸಿಯವನು" ಎಂದು ಇಲಾಖೆ ಕೈತೊಳೆದುಕೊಳ್ಳಲು ಬರುವುದಿಲ್ಲ. 1923ರ ಕಾಯ್ದೆ ಸರ್ಕಾರಿ ಇಲಾಖೆ, ಸ್ಥಳೀಯ ಸಂಸ್ಥೆಗಳ ಕೆಲಸವನ್ನೂ "ವ್ಯಾಪಾರ, ವ್ಯವಹಾರ"ವೆಂದೇ ಪರಿಗಣಿಸಿತ್ತು. ಅದರ 12ನೇ ಕಲಮಿನಂತೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರು ಪರಿಹಾರ ಕೊಟ್ಟು, ಆಮೇಲೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬಹುದಿತ್ತು. ಆ ಕಾಯ್ದೆಯಡಿ ಕ್ಲೇಮಿಗೆ 2 ವರ್ಷದ ಗಡುವಿತ್ತು. ಹಣ ಕೊಡಬೇಕಾದ ದಿನದಿಂದ ಒಂದು ತಿಂಗಳು ಮೀರಿದರೆ ಶೇ. 12 ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಶೇ. 50ರವರೆಗೆ ದಂಡವಿತ್ತು. "ಇಷ್ಟು ತಗೊಂಡು ಮುಗಿಸಿಬಿಡು" ಎಂದು ಬಾಂಡ್ ಪೇಪರಿನ ಮೇಲೆ ಹಕ್ಕು ಬಿಡಿಸಿಕೊಂಡ ಕರಾರಿಗೆ ಬೆಲೆಯಿಲ್ಲ.

ಮನೆಯ ಕಪಾಟನ್ನೂ ಒಮ್ಮೆ ತೆರೆಯಿರಿ. ಕೆಜಿಐಡಿ (ರಾಜ್ಯ ಸರ್ಕಾರಿ ವಿಮಾ ಇಲಾಖೆ) ಪಾಲಿಸಿ, ಸಂಬಳ ಖಾತೆಯ ಪ್ಯಾಕೇಜಿನಲ್ಲಿರುವ ಅಪಘಾತ ವಿಮೆ, ವರ್ಷಕ್ಕೆ ₹20 ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇವೆಲ್ಲ ಬೇರೆ ಬೇರೆ ಕ್ಲೇಮು. ಒಂದು ಸಿಕ್ಕಿತೆಂದು ಇನ್ನೊಂದು ನಿಲ್ಲುವುದಿಲ್ಲ. ಸುರಕ್ಷಾ ಬಿಮಾದಲ್ಲಿ ಸಾವು, ಪೂರ್ಣ ಅಂಗವೈಕಲ್ಯಕ್ಕೆ ₹2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ ₹1 ಲಕ್ಷ. ಬ್ಯಾಂಕಿಗೆ ಆ ತಿಂಗಳೊಳಗೇ ತಿಳಿಸಿ.

ಅಂಗವೈಕಲ್ಯ ಉಳಿದರೆ: ಸ್ವಯಂನಿವೃತ್ತಿಗೆ ಸಹಿ ಹಾಕಬೇಡಿ

"ನಿಮ್ಮ ಕೈಲಿ ಇನ್ನು ಫೀಲ್ಡ್ ಕೆಲಸ ಆಗಲ್ಲ, ವಿಆರ್‌ಎಸ್ ತಗೊಳ್ಳಿ, ಪಿಂಚಣಿ ಬರುತ್ತೆ" ಎನ್ನುವ ಹಿತೈಷಿಗಳು ಆಸ್ಪತ್ರೆಗೇ ಬರುತ್ತಾರೆ. ಸಹಿಗೆ ಮುಂಚೆ ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 20(4)ನೇ ಕಲಮು ಓದಿ. ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಇದ್ದ ಹುದ್ದೆ ಒಗ್ಗದಿದ್ದರೆ ಅದೇ ವೇತನ ಶ್ರೇಣಿ, ಅದೇ ಸೌಲಭ್ಯಗಳ ಬೇರೆ ಹುದ್ದೆ ಕೊಡಬೇಕು. ಅಂಥದ್ದು ಸಿಗದಿದ್ದರೆ, ಸಿಗುವವರೆಗೆ ಇಲ್ಲವೇ ನಿವೃತ್ತಿಯವರೆಗೆ, ಸೂಪರ್‌ನ್ಯೂಮರರಿ (ಮಂಜೂರಾದ ಸಂಖ್ಯೆಗೆ ಹೊರತಾದ ಹೆಚ್ಚುವರಿ) ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಮುಂಬಡ್ತಿಯನ್ನೂ ಈ ಕಾರಣಕ್ಕೆ ನಿರಾಕರಿಸುವಂತಿಲ್ಲ. ಅಧಿಸೂಚನೆ ಹೊರಡಿಸಿ ಕೆಲವು ಸಂಸ್ಥೆಗಳನ್ನು ಹೊರಗಿಡಲು ಕಾಯ್ದೆಯಲ್ಲಿ ಅವಕಾಶವಿದೆ, ಆದ್ದರಿಂದ ಸಮವಸ್ತ್ರದ ಪಡೆಗಳವರು ತಮಗೆ ಇದು ಅನ್ವಯವೇ ಎಂದು ಕೇಳಿಕೊಳ್ಳಬೇಕು. ಕಂದಾಯ, ಪಂಚಾಯಿತಿ, ಶಿಕ್ಷಣ ಇಲಾಖೆಗಳವರಿಗೆ ಆ ಅನುಮಾನವಿಲ್ಲ.

ಚಿಕಿತ್ಸೆ ಮುಗಿದು ಗಾಯ ಒಂದು ಹಂತಕ್ಕೆ ನಿಂತ ಮೇಲೆ ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ, ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಿ. ಬಳಿಕ ಬೇರೆ ಹುದ್ದೆಗೆ ಮನವಿ ಕೊಡುವಾಗ 20(4) ಎಂದು ಕಲಮನ್ನು ಹೆಸರಿಸಿಯೇ ಬರೆಯಿರಿ. "ದಯಮಾಡಿ ಕರುಣೆ ತೋರಬೇಕು" ಎಂಬ ಒಕ್ಕಣೆ ಬೇಡ.

ನೌಕರರೇ ತೀರಿಕೊಂಡರೆ

ಮನೆಯವರು ಮೊದಲ ದಿನಗಳಲ್ಲಿ ಪೋಸ್ಟ್‌ಮಾರ್ಟಂ ಬೇಡವೆನ್ನುತ್ತಾರೆ. ಸಹೋದ್ಯೋಗಿಗಳು ಆ ಹೊತ್ತಿನಲ್ಲಿ ಮೆಲ್ಲಗೆ ತಿಳಿಹೇಳಬೇಕು. ಸಾವಿನ ಕಾರಣದ ಪ್ರಮಾಣಪತ್ರವಿಲ್ಲದೆ ವಿಪತ್ತು ನಿಧಿಯ ₹4 ಲಕ್ಷವೂ ಹೊರಡುವುದಿಲ್ಲ. ರಾಜ್ಯ ನೌಕರರ ಕುಟುಂಬದವರು 1996ರ ಅನುಕಂಪದ ನೇಮಕಾತಿ ನಿಯಮಗಳಡಿ, ಸಾವಿನ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ವರ್ಷಾಂತಿಕ ಕಳೆಯಲಿ ಎಂದು ಕಾದು ಗಡುವು ತಪ್ಪಿಸಿಕೊಂಡವರಿದ್ದಾರೆ. ಯಾರಿಗೆ ಕೆಲಸ ಎಂಬ ಮಾತು ಮನೆಯೊಳಗೆ ಇತ್ಯರ್ಥವಾಗದಿದ್ದರೂ ಒಬ್ಬರ ಅರ್ಜಿಯಾದರೂ ಗಡುವಿನೊಳಗೆ ಇನ್‌ವರ್ಡ್ ಆಗಿರಲಿ.

ಇಲ್ಲ ಅಂದರೆ

ಬಾಯಿಮಾತಿನ "ಬರಲ್ಲ"ಕ್ಕೆ ವಾಪಸ್ ಬರಬೇಡಿ, ಹಿಂಬರಹ, ಅಂದರೆ ಕಾರಣ ಬರೆದ ಲಿಖಿತ ಉತ್ತರ, ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ನಿಮ್ಮ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕಡತ ಯಾವ ಮೇಜಿನಲ್ಲಿ, ಯಾವ ಕಾಗದಕ್ಕಾಗಿ ನಿಂತಿದೆ ಎಂಬುದು ಅದರಲ್ಲೇ ಇರುತ್ತದೆ. ಎಷ್ಟೋ ಸಲ ಆ ಒಂದು ಕಾಗದ ಕೊಟ್ಟರೆ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಮೇಲಧಿಕಾರಿಗೆ ಲಿಖಿತ ಮನವಿ. ಅದಕ್ಕೂ 6 ತಿಂಗಳು ಉತ್ತರ ಬಾರದಿದ್ದರೆ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಆ 6 ತಿಂಗಳು ಮುಗಿದ ಮೇಲೆ ಒಂದು ವರ್ಷದೊಳಗೆ, ತಿರಸ್ಕಾರದ ಆದೇಶ ಬಂದಿದ್ದರೆ ಆದೇಶದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ರಾಜ್ಯ ನೌಕರರಿಗೆ ಕೆಎಟಿ ಪೀಠಗಳು ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿವೆ. ಕೇಂದ್ರ ನೌಕರರಿಗೆ ಸಿಎಟಿ ಪೀಠ ಬೆಂಗಳೂರಿನಲ್ಲಿದೆ. ವಕೀಲರ ಬಳಿ ಹೋಗುವಾಗ ಸೀಲು ಬಿದ್ದ ಆ ಮೊದಲ ವರದಿಯ ಪ್ರತಿ, "ಓಕೆ ಹೊರಡಿ" ಎಂಬ ಆ ವಾಟ್ಸಾಪ್ ಚಿತ್ರ ಎರಡನ್ನೂ ಕಡತದ ಮೇಲೇ ಇಟ್ಟುಕೊಂಡು ಹೋಗಿ.